ಹಳದಿ ಗಾಜು

ಕನ್ನಡಕ ಬರಲಿಲ್ಲ. ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ಕಡ್ಡಿಯನ್ನು ಫುಮಿನೊ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು. ಅದರ ಜೊತೆಗೆ ಗಂಡನ ತಲೆಯೂ ದಿಂಬಿನ ಮೇಲೆ ಒಂದಿಷ್ಟು ಹೊರಳಿತು. ಮಂಜುಗಡ್ಡೆಯ ನಡುವೆ ಮಲಗಿಸಿದ್ದವನ ಕಿವಿ ಮೇಣದ ಹಾಗೆ ಗಟ್ಟಿಯಾಗಿತ್ತು.

“ನಾನು ತೆಗೀಲಾ ಅಮ್ಮಾ?” ಎಂದಳು ಅಂತ್ಯಕ್ರಿಯೆಯ ಮಂದಿರದ ಮೇಲ್ವಿಚಾರಕಿ. ಕಪ್ಪು ಕೋಟು, ಬಿಳಿ ಕೈಗವಸು ತೊಟ್ಟ ನಡುವಯಸ್ಸಿನ ಹೆಂಗಸು.

“ಬೇಡಿ. ಬರುತ್ತೆ.”

“ಎಳಿ ಅಮ್ಮ,” ಎಂದಳು ಹಿಂದೆ ನಿಂತಿದ್ದ ಮಗಳು ಚಿಜುರು. “ಅವರಿಗೇನು ಇನ್ನು ನೋವಾಗಲ್ಲ.”

ಫುಮಿನೊ ಎಳೆದಳು. ಕನ್ನಡಕ ಬಂತು. ತೊಮೊಜಿಯ ಮೂಗಿನ ಎರಡೂ ಬದಿ ಕೆಂಪು ಗುರುತು ಹಾಗೇ ಉಳಿಯಿತು. ಕನ್ನಡಕವಿಲ್ಲದ ಆ ಮುಖವನ್ನು ಅವಳು ನೋಡಿದ್ದೇ ಕಡಿಮೆ. ಅವನು ಮಲಗುವ ಹೊತ್ತಿಗೆ ಅವಳು ತಾನು ಮಲಗುತ್ತಿದ್ದ ಉತ್ತರದ ಕೋಣೆಗೆ ಹೋಗಿರುತ್ತಿದ್ದಳು.

“ತಪ್ಪು ತಿಳ್ಕೋಬೇಡಿ,” ಎಂದು ಮೇಲ್ವಿಚಾರಕಿ ದನಿ ತಗ್ಗಿಸಿದಳು. “ಎಲ್ಲರಿಗೂ ಹೇಳ್ತೀವಿ. ಹೂವು, ಬಟ್ಟೆ, ಕಾಗದ, ಇಷ್ಟವಾದ ತಿಂಡಿ, ಇವೆಲ್ಲ ಪೆಟ್ಟಿಗೆ ಒಳಗೆ ಇಡಬಹುದು. ಲೋಹ, ಗಾಜು ಮಾತ್ರ ಬೇಡ. ಆ ಬೆಂಕಿಗೆ ಗಾಜು ಕರಗಿ ಮೂಳೆಗೆ ಅಂಟಿಕೊಳ್ಳುತ್ತೆ. ಆಮೇಲೆ ಮೂಳೆ ಆರಿಸೋ ಮನೆಯವರ ಮನಸ್ಸಿಗೆ ಕಷ್ಟ.”

“ಅಂಟಿದ್ರೆ ಬಿಡಿಸೋಕಾಗಲ್ವಾ?”

“ಆಗಲ್ಲಮ್ಮ. ಅಂಟಿದ್ದು ಅಂಟಿದ್ದೇ. ಹಾಗೇ ಭರಣಿಗೆ ಹಾಕಿ ಮುಚ್ಬೇಕು. ಗೋರಿ ಒಳಗೂ ಅದೇ.”

ಫುಮಿನೊ ತಲೆಯಾಡಿಸಿ ಕನ್ನಡಕವನ್ನು ಕೈಚೀಲಕ್ಕೆ ಹಾಕಿಕೊಂಡಳು. ಚೀಲದ ತಳದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕ್ಯಾಮರಾ ಲೆನ್ಸು ಇತ್ತು. ಕಪ್ಪು ಲೋಹದ ಗಿಡ್ಡ ಕೊಳವೆ. ಹೊಳೆಯಿಂದ ಎತ್ತಿದ ಕಲ್ಲಿನ ಹಾಗೆ ಭಾರ. ಮುಂದಿನ ಗಾಜು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಚಿಜುರು ಮಾತಾಡಿದ್ದು ಅದೊಂದರ ವಿಷಯ ಮಾತ್ರ.

“ಇವತ್ತೇ ಕೊಟ್ಟುಬಿಡು ಅಮ್ಮ. ಆ ಹಲ್ಲಿನ ಡಾಕ್ಟರು ಬಾಯಿ ಬಿಟ್ಕೊಂಡು ಕಾಯ್ತಿದಾರಲ್ಲ, ಅವರಿಗೇ ಕೊಡು. ಯಾರಿಗೆ ಬೇಕಾದ್ರೂ ಕೊಡು. ಅದು ಮತ್ತೆ ಆ ಕಿಟಕಿ ಮೇಲೆ ಬಂದು ಕೂತ್ರೆ ನಾನು ಆ ಮನೆ ಬಾಗಿಲು ತುಳಿಯಲ್ಲ. ಮೂಳೆ ಆರಿಸೋಕೆ ಬಂದಿದೀನಿ, ಆರಿಸಿ ಹೋಗ್ತೀನಿ.”

“ನಿಮ್ಮಪ್ಪ ಯಾರಿಗೂ ಕೊಡಬೇಡ ಅಂದಿದ್ರು.”

“ಗೊತ್ತು. ನೀನು ಅವರು ಹೇಳಿದ್ದನ್ನ ಯಾವತ್ತು ಮಾಡದೆ ಬಿಟ್ಟಿದೀಯ? ಅದಕ್ಕೇ ಹೇಳ್ತಿರೋದು. ಇವತ್ತೊಂದು ದಿನ ಆರಿಸ್ಕೋ.”

ಅಷ್ಟು ಹೇಳಿ ಚಿಜುರು ಕಿಟಕಿಯ ಕಡೆ ತಿರುಗಿ ಕೆಮ್ಮಿದ್ದಳು. ಮಳೆಗಾಲ ಹಿಡಿದು ವಾರವಾಗಿತ್ತು. ಇತಾಬಾಶಿಯ ಅಪಾರ್ಟ್‌ಮೆಂಟುಗಳ ಮೇಲೆ ಆಕಾಶ ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದಿತ್ತು.

*

ತೊಮೊಜಿ ರೈಲ್ವೆಯ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ದಿನವಿಡೀ ಕೊಡೆ, ಕೈಗವಸು, ಊಟದ ಡಬ್ಬಿ, ಒಮ್ಮೊಮ್ಮೆ ಹಲ್ಲಿನ ಸೆಟ್ಟು. ಯಾರೂ ಕೇಳಿಕೊಂಡು ಬರದ ವಸ್ತುಗಳನ್ನು ನೋಡಿ ನೋಡಿ ಅವನಿಗೆ ಒಂದು ನಂಬಿಕೆ ಬಂದಿತ್ತು. ಮನುಷ್ಯ ಇಟ್ಟುಕೊಳ್ಳುವುದು ಕಡಿಮೆ ಇರಬೇಕು, ಇಟ್ಟುಕೊಂಡದ್ದನ್ನು ಬಿಡಬಾರದು.

ಮನೆಯಲ್ಲಿ ದಕ್ಷಿಣದ ಕೋಣೆ ಒಂದೇ ಬಿಸಿಲು ಬೀಳುವ ಕೋಣೆ. ಅಲ್ಲಿ ತೇವ ಹೀರುವ ಗಾಜಿನ ಕಪಾಟು ಹಗಲೂ ರಾತ್ರಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರಲ್ಲಿ ಏಳು ಲೆನ್ಸು. ಎಂದಿಗೂ ಏಳೇ. ಕೈಯಿಂದ ತಿರುಗಿಸಿ ಹೊಂದಿಸುವ ಹಳೆಯ ಕಾಲದವು, ಕೆಲವು ಅವನಿಗಿಂತ ಹಿರಿಯವು. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು. ಯಾವುದು ಹೋಗಬೇಕು ಎಂದು ತೀರ್ಮಾನಿಸಲು ಅವನಿಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಊಟದ ನಡುವೆ ಎದ್ದು ಹೋಗಿ ಕಪಾಟಿನ ಮುಂದೆ ಕೂರುತ್ತಿದ್ದ.

ಪರೀಕ್ಷೆ ಭಾನುವಾರ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಫುಮಿನೊ ಕೂರಬೇಕು. ದಿನಪತ್ರಿಕೆಯ ಹಾಳೆಯನ್ನು ಕೆನ್ನೆಯ ಪಕ್ಕ ಬಿಗಿಯಾಗಿ ಹಿಡಿಯಬೇಕು. “ಉಸಿರು ಹಿಡಿ,” ಎನ್ನುತ್ತಿದ್ದ ತೊಮೊಜಿ. ಅವಳು ಹಿಡಿಯುತ್ತಿದ್ದಳು. ಚಿತ್ರ ತೊಳೆದು ಬಂದ ಮೇಲೆ ಅವನು ಭೂತಗನ್ನಡಿಯಿಂದ ಹಾಳೆಯ ಅಂಚಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದ. ಓದಲು ಬಂದರೆ ಲೆನ್ಸು ಉಳಿಯಿತು, ಬರದಿದ್ದರೆ ಹೋಯಿತು. ಹೆಂಡತಿಯ ಮುಖದ ಅರ್ಧ ಪ್ರತಿ ಚಿತ್ರದಲ್ಲೂ ಇರುತ್ತಿತ್ತು. ತೀರ್ಮಾನ ಆದ ಮೇಲೆ ಚಿತ್ರಗಳು ಕಸದ ಬುಟ್ಟಿಗೆ.

ಆಗ ಚಿಜುರುವಿಗೆ ಆರು ವರ್ಷ. ಅಮ್ಮನ ತೊಡೆಯ ಮೇಲೆ ಕೂತು ಹಾಳೆಯ ಇನ್ನೊಂದು ಮೂಲೆಯನ್ನು ತಾನೇ ಹಿಡಿಯುತ್ತೇನೆಂದು ಹಟ ಮಾಡುತ್ತಿದ್ದಳು. ಅಪ್ಪ ತನ್ನ ಕಡೆ ನೋಡುವುದು ಆಗ ಮಾತ್ರ ಎಂದು ಅವಳಿಗೆ ಗೊತ್ತಿತ್ತೋ ಏನೋ.

ಆ ಮಳೆಗಾಲದಲ್ಲಿ ಬಂದದ್ದು ಈ ಲೆನ್ಸು. ವರ್ಷಗಳಿಂದ ಹುಡುಕಿ ನಕಾನೊದ ಹಳೇ ಕ್ಯಾಮರಾ ಅಂಗಡಿಯಿಂದ ಪರೀಕ್ಷೆಗೆಂದು ತಂದಿದ್ದ. ಆ ಕಾಲದಲ್ಲಿ ಗಾಜಿಗೆ ಬೆರೆಸುತ್ತಿದ್ದ ಯಾವುದೋ ಧಾತುವಿನಿಂದ ಇದು ಕತ್ತಲಲ್ಲಿಟ್ಟರೆ ಹಳದಿಯಾಗುತ್ತದೆ, ಬಿಸಿಲಿಗಿಟ್ಟರೆ ಮತ್ತೆ ತಿಳಿಯಾಗುತ್ತದೆ ಎಂದು ಹೆಂಡತಿಗೆ ಅಪರೂಪಕ್ಕೆ ಕೂರಿಸಿಕೊಂಡು ಹೇಳಿದ್ದ. ಆದರೆ ಮೊದಲ ಭಾನುವಾರ ಅಕ್ಷರಗಳು ಕದಡಿ ಬಂದವು. ಎರಡನೆಯ ಭಾನುವಾರವೂ ಅಷ್ಟೆ. ತೊಮೊಜಿ ಮಾತು ಬಿಟ್ಟ. ಮನೆಯಲ್ಲಿ ಕಪಾಟಿನ ಗುಂಯ್ ಮಾತ್ರ ಕೇಳುತ್ತಿತ್ತು.

ಆ ಮೌನ ತಾಳಲಾರದೆ ಫುಮಿನೊ ಹೇಳಿದಳು, “ಲೆನ್ಸು ಸರಿಯಾಗೇ ಇರಬಹುದು ರೀ. ಮಗು ಕೆಮ್ಮಿದಾಗ ಹಾಳೆ ಅಲ್ಲಾಡುತ್ತೆ.”

ತೊಮೊಜಿ ತಲೆ ಎತ್ತಿ ಮಗಳ ಕಡೆ ನೋಡಿದ. ಬಹಳ ಹೊತ್ತು ನೋಡಿದ.

ಮಗುವಿಗೆ ಕೆಮ್ಮು ಸುಮ್ಮನೆ ಬಂದದ್ದಲ್ಲ. ತಾಯಿ ಮಗಳು ಮಲಗುತ್ತಿದ್ದ ಉತ್ತರದ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿತ್ತು. ಎಷ್ಟು ಒರೆಸಿದರೂ ಕಪ್ಪಗೆ ಮತ್ತೆ ಅರಳುತ್ತಿತ್ತು. ಡಾಕ್ಟರು ಮಗುವಿನ ಎದೆಗೆ ಕಿವಿಗೊಟ್ಟು, ಇವಳನ್ನು ಒಣಗಿದ ಕೋಣೆಗೆ ಬದಲಾಯಿಸಿ ಎಂದರು. ತೊಮೊಜಿ ಅದನ್ನು ತಳ್ಳಿಹಾಕಲಿಲ್ಲ. ತೇವ ಅಳೆಯುವ ಮುಳ್ಳಿನ ಡಬ್ಬಿಯನ್ನು ಉತ್ತರದ ಕೋಣೆಯಲ್ಲಿಟ್ಟು ಬೆಳಿಗ್ಗೆ ಸಂಜೆ ನೋಡಿದ. ಲೆನ್ಸಿನ ವಿಷಯದಲ್ಲಿ ಹೇಗೋ ಹಾಗೆಯೇ ಪ್ರಾಮಾಣಿಕವಾಗಿ ಯೋಚಿಸಿದ.

“ಅವಳನ್ನ ದಕ್ಷಿಣದ ಕೋಣೇಲಿ ಮಲಗಿಸಿ ಕಪಾಟು ಇಲ್ಲಿ ತರೋಕಾಗಲ್ಲ,” ಎಂದ ಕೊನೆಗೆ. “ಕಪಾಟಿಗೂ ಒಂದು ಮಿತಿ ಇದೆ. ಈ ಗೋಡೆ ಪಕ್ಕ ಇಟ್ರೆ ಬೂಷ್ಟು ಗ್ಯಾರಂಟಿ. ಒಂದಕ್ಕೆ ಹಿಡಿದ್ರೆ ಏಳಕ್ಕೂ ಹರಡುತ್ತೆ.”

“ಮತ್ತೆ ಮಗು?”

“ಮಗೂನ ಯಾರ ಮನೇಲಾದ್ರೂ ಇಡಬಹುದು. ಲೆನ್ಸ್‌ನ ಯಾರ ಮನೇಲಿ ಇಡೋದು ಹೇಳು?”

ಚಿಜುರುವನ್ನು ಮಾತ್ಸುಮೊತೊದ ದೊಡ್ಡಮ್ಮನ ಮನೆಗೆ ಕಳಿಸಿದರು. ಅಲ್ಲಿಯ ಗಾಳಿ ಒಣ, ಮಳೆ, ಚಳಿ ಎರಡೂ ಹೋಗುವವರೆಗೆ ಇರಲಿ ಎಂದು ಮಾತು. ರೈಲು ಹತ್ತಿಸುವಾಗ ಫುಮಿನೊ ಮಗಳಿಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ಅದರ ಮರು ಭಾನುವಾರ ಅಕ್ಷರಗಳು ಸೂಜಿಯಲ್ಲಿ ಕೊರೆದ ಹಾಗೆ ಬಂದವು.

“ನೋಡಿಲ್ಲಿ,” ಎಂದ ತೊಮೊಜಿ. ಮದುವೆಯಾದ ಮೇಲೆ ಅಷ್ಟು ಖುಷಿಯಾಗಿ ಅವನು ಅವಳನ್ನು ಕರೆದದ್ದೇ ಇಲ್ಲ. “ಒಂದೂ ಅಲ್ಲಾಡಿಲ್ಲ.”

ಆ ದಿನ ಮನೆಗೆ ಸುಟ್ಟ ಹಾವುಮೀನು ತರಿಸಿದ. ಹಳೆಯದೊಂದು ಲೆನ್ಸು ಕಪಾಟಿನಿಂದ ಹೋಯಿತು, ಇದು ಬಂತು. ದಕ್ಷಿಣದ ಕಿಟಕಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಜಾಗ ಇದರ ಬಿಸಿಲಿಗೆ ಬಿಟ್ಟದ್ದಾಯಿತು. ಚಳಿ ಹೋಗುವಷ್ಟರಲ್ಲಿ ಚಿಜುರು ಮಾತ್ಸುಮೊತೊದಲ್ಲೇ ಶಾಲೆಗೆ ಸೇರಿದ್ದಳು.

*

“ಯಾರ್ರೀ ತೆಗೆದಿದ್ದು ಈ ಫೋಟೋನ?”

ನಿಶಿವಾಕಿ ಮೂರು ಚಿಟಿಕೆ ಧೂಪ ಹಾಕಿ, ಕೈ ಮುಗಿದು, ತಲೆ ಎತ್ತಿದವನೇ ಬಿಳಿ ಸೇವಂತಿಗೆಯ ನಡುವಿದ್ದ ತೊಮೊಜಿಯ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದ. ನಿವೃತ್ತಿಯಾದ ಹಲ್ಲಿನ ಡಾಕ್ಟರು. ಮಾತಾಡುವಾಗ ಎದುರಿನವರ ಬಾಯಿಯನ್ನೇ ನೋಡುತ್ತಾನೆ. ಅವನ ಜೊತೆ ಬಂದಿದ್ದ ಕಮೆಗಾಯಿ ಇಸ್ತ್ರಿ ಅಂಗಡಿಯವನು. ಬಾಗಿಲಲ್ಲೇ ಅಳಲು ಶುರು ಮಾಡಿದ್ದ. ತಿಂಗಳಿಗೊಮ್ಮೆ ಲೆನ್ಸುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದ ಗೆಳೆಯರ ಕೂಟದಲ್ಲಿ ಉಳಿದವರು ಇವರಿಬ್ಬರೇ.

“ಆಫೀಸಿನವರು ತೆಗೆದಿದ್ದು,” ಎಂದಳು ಫುಮಿನೊ. “ರಿಟೈರಾದ ದಿನ. ಗುಂಪಿನ ಫೋಟೋ, ಅದರಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ವಿ. ಬೇರೆ ಇರಲಿಲ್ಲ.”

“ಫೋಕಸ್ಸು ಪಕ್ಕದವನ ಭುಜದ ಮೇಲಿದೆ.”

“ಬಿಡಿ ನಿಶಿವಾಕಿ-ಸಾನ್,” ಎಂದು ಕಮೆಗಾಯಿ ಮೂಗು ಒರೆಸಿಕೊಂಡ. “ಹೆಣದ ಮುಂದೆ ಇದೆಲ್ಲ ಯಾಕೆ?”

“ಹೆಣದ ಮುಂದೇನೇ ಹೇಳ್ಬೇಕಯ್ಯ. ಜೀವಮಾನವೆಲ್ಲ ಗಾಜು ಆರಿಸಿದ ಮನುಷ್ಯ. ಈಗ ನೋಡು, ಮಂಜಲ್ಲಿ ನಿಂತ ಕರಡಿ ಹಂಗಿದಾನೆ.”

ಕಮೆಗಾಯಿಗೆ ಅಳುವಿನ ನಡುವೆ ನಗು ಬಂದು ಕೆಮ್ಮಾಯಿತು. ಧೂಪದ ಹೊಗೆಗೆ ಆಚೆ ಕುರ್ಚಿಯಲ್ಲಿ ಚಿಜುರುವೂ ಕೆಮ್ಮಿದಳು. ನಿಶಿವಾಕಿ ಒಮ್ಮೆ ಅತ್ತ ನೋಡಿ, ಫುಮಿನೊಳ ಹತ್ತಿರ ಸರಿದ.

“ತಂದಿದೀರಾ ಅಮ್ಮಾವ್ರೇ? ಫೋನಲ್ಲಿ ಹೇಳಿದ್ನಲ್ಲ.”

ಫುಮಿನೊ ಕಂಬದ ಮರೆಗೆ ಹೋಗಿ ಕರವಸ್ತ್ರ ಬಿಚ್ಚಿದಳು. ನಿಶಿವಾಕಿ ಮೊದಲು ತನ್ನ ಕೈ ಒರೆಸಿಕೊಂಡ. ಆಮೇಲೆ ಲೆನ್ಸನ್ನು ಎತ್ತಿ, ಉಂಗುರವನ್ನು ಆ ಕಡೆ ಈ ಕಡೆ ತಿರುಗಿಸಿ, ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ.

“ಅಯ್ಯೋ, ಹಳದಿ ತಿರುಗಿದೆಯಲ್ರೀ. ಬಿಸಿಲು ತೋರಿಸ್ಲಿಲ್ವಾ?”

“ಆಸ್ಪತ್ರೆಗೆ ಓಡಾಡ್ತಿದ್ದೆ.”

“ಆಸ್ಪತ್ರೆ ಸರಿ. ಕಿಟಕಿ ಮೇಲೆ ಇಟ್ಟು ಹೋಗೋಕೆ ಎಷ್ಟು ಹೊತ್ತು ಬೇಕು?”

ನಿಶಿವಾಕಿಗೆ ತಾನು ಸ್ವಲ್ಪ ಜೋರಾದೆ ಅನ್ನಿಸಿರಬೇಕು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದ:

“ಬೇಜಾರಾಗ್ಬೇಡಿ. ನನ್ನ ಹತ್ರ ಇದ್ರೆ ಇದು ಸುಖವಾಗಿರುತ್ತೆ. ಇದಕ್ಕೆ ಏನು ಬೆಲೆ ಕೊಟ್ಟಿದಾರೆ ಅಂತ ನಮಗೆ ಗೊತ್ತಲ್ಲ. ಪ್ರತಿ ವರ್ಷ ಹೊಸ ವರ್ಷದ ಕೂಟದಲ್ಲಿ ತೊಮೊಜಿ ಹೇಳೋನು. ಬೇರೆಯವನ್ನೆಲ್ಲ ದುಡ್ಡು ಕೊಟ್ಟು ತಂದೆ, ಇದಕ್ಕೆ ಮಾತ್ರ ಮಗಳನ್ನ ಕೊಟ್ಟೆ ಅಂತ.”

“ಏನಂತ?”

“ಮಗಳನ್ನ ಕೊಟ್ಟೆ ಅಂತ. ಆ ಹುಡುಗಿ ಕೆಮ್ಮೋದೂ, ಅಕ್ಷರ ಅಲ್ಲಾಡೋದೂ ಎಲ್ಲ ಮಾಡಿ ತೋರಿಸೋನು. ಹಾಳೆ ಹಿಡ್ಕೊಂಡು ಹಿಂಗೆ ಹಿಂಗೆ.” ನಿಶಿವಾಕಿ ಭುಜ ಕುಲುಕಿಸಿ ತೋರಿಸಿದ. “ಅವನಿಗೆ ನಗಿಸೋಕೆ ಬರ್ತಿದ್ದದ್ದು ಅದೊಂದೇ. ಬಿದ್ದು ಬಿದ್ದು ನಗ್ತಿದ್ವಿ. ಅಲ್ವೇನೋ ಕಮೆಗಾಯಿ?”

“ಹ್ಞೂಂ,” ಎಂದ ಕಮೆಗಾಯಿ ಕಣ್ಣೊರೆಸುತ್ತ. “ಆ ಕೆಮ್ಮು ಚೆನ್ನಾಗಿ ಮಾಡೋರು.”

ನಿಶಿವಾಕಿ ಲೆನ್ಸನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿ ಅವಳ ಕೈಗಿಟ್ಟ. “ಪೆಟ್ಟಿಗೆ ಮುಂದೆ ಇಸ್ಕೊಳ್ಳೋದು ಚೆನ್ನಾಗಿರಲ್ಲ. ಮೂಳೆ ಆರಿಸಿದ ಮೇಲೆ ತಗೋತೀನಿ. ಅಲ್ಲಿವರೆಗೂ ಜೋಪಾನ. ಎಲ್ಲೂ ತಾಗಿಸ್ಬೇಡಿ.”

*

ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ತೊಮೊಜಿಗೆ ಮಾತು ಕಷ್ಟವಾಗಿತ್ತು. ಆದರೂ ಆರು ಲೆನ್ಸುಗಳನ್ನು ಯಾವ್ಯಾವ ಅಂಗಡಿಗೆ ಕೊಡಬೇಕು ಎಂದು ಒಂದೊಂದಾಗಿ ಹೇಳಿ ಅವಳ ಬಾಯಿಂದ ಹೇಳಿಸಿದ್ದ. ಏಳನೆಯದಕ್ಕೆ ಬಂದಾಗ ಆಮ್ಲಜನಕದ ಮುಖವಾಡ ಸರಿಸಿದ.

“ಅದು ಇರಲಿ. ನಿಶಿವಾಕಿ ಬಾಗಿಲಿಗೆ ಬಂದು ಬಿದ್ರೂ ಕೊಡ್ಬೇಡ. ಮನೇಲೇ ಇರಲಿ. ಬಿಸಿಲಿದ್ದ ದಿನ ಕಿಟಕಿಗಿಡು. ಸಂಜೆ ಕಪಾಟಿಗಿಡು.”

“ಎಲ್ಲಿವರೆಗೂ?”

ಈ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. “ನೀನಿರೋವರೆಗೂ,” ಎಂದ.

ಫುಮಿನೊ, “ಚಿಜುರು,” ಎಂದಳು.

“ಅವಳಿಗೆ ಯಾಕೆ? ಅವಳಿಗೆ ಲೆನ್ಸಿನ ಬಗ್ಗೆ ಏನು ಗೊತ್ತು?”

“ಲೆನ್ಸ್ ಕೊಡೋಕಲ್ಲ ರೀ. ಅವಳನ್ನ ಒಂದು ಸಲ ಕರೆಸ್ಲಾ ಅಂದೆ.”

ತೊಮೊಜಿ ಕಣ್ಣು ಮುಚ್ಚಿಕೊಂಡು ಯೋಚಿಸಿದ. ಎದೆಯ ಮೇಲಿನ ಹೊದಿಕೆ ಏರುತ್ತ ಇಳಿಯುತ್ತ ಇತ್ತು.

“ಬಂದ್ರೆ ಬರಲಿ,” ಎಂದ. “ಮನೇಲಿ ಇಳ್ಕೊಂಡ್ರೆ ಆ ಕೋಣೆ ಬಾಗಿಲು ತೆಗೆದಿಡಬೇಡ ಅನ್ನು. ತೇವ ಹೋಗುತ್ತೆ ಒಳಗೆ.”

ಅವನು ಅವಳೊಂದಿಗೆ ಆಡಿದ ಕೊನೆಯ ಮಾತು ಅದು.

*

ಸೂತ್ರಪಠಣ ಮುಗಿಯಿತು. ಬೌದ್ಧ ಸಂನ್ಯಾಸಿ ಬಾಗಿ ಹೊರಗೆ ಹೋದ. ಮೇಲ್ವಿಚಾರಕಿ ಹೂವುಗಳ ದೊಡ್ಡ ತಟ್ಟೆ ಹಿಡಿದು ಬಂದಳು. ದಂಟು ಕತ್ತರಿಸಿದ ಸೇವಂತಿಗೆ, ಲಿಲ್ಲಿ.

“ಎಲ್ಲರೂ ಕೊನೇ ಸಲ ಹೂವಿಡಿ. ಆಮೇಲೆ ಮುಚ್ಚಳ ಹಾಕ್ತೀವಿ.”

ಕಮೆಗಾಯಿ ಕಾಲಿನ ಬಳಿ ಇಟ್ಟ. ನಿಶಿವಾಕಿ ಎದೆಯ ಮೇಲೆ ಇಟ್ಟು, ಗೆಳೆಯನ ತೋರುಬೆರಳನ್ನು ಒಮ್ಮೆ ಮುಟ್ಟಿ, “ಒಳ್ಳೇ ಕೈ,” ಎಂದ. ಚಿಜುರು ಒಂದೇ ಒಂದು ಹೂವು ತೆಗೆದುಕೊಂಡಳು. ಎಸೆಯಲಿಲ್ಲ, ಇಡಲೂ ಇಲ್ಲ; ಅಂಚಿನಲ್ಲಿ ಕೈ ಬಿಟ್ಟಳು, ಅದು ತಾನಾಗಿ ಒಳಕ್ಕೆ ಬಿತ್ತು.

ಫುಮಿನೊ ಮೇಲ್ವಿಚಾರಕಿಯ ಪಕ್ಕಕ್ಕೆ ಹೋದಳು.

“ಬೆಳಿಗ್ಗೆ ಹೇಳಿದ್ರಲ್ಲ. ಗಾಜು. ಅದು ಬಿಡೋದೇ ಇಲ್ವಾ?”

“ಇಲ್ಲಮ್ಮ. ಕನ್ನಡಕ ತೆಗೆದಿದೀರಲ್ಲ, ಇನ್ನೇನೂ ಭಯ ಇಲ್ಲ.”

“ಮೂಳೆ ಕೆಟ್ಟುಹೋಗುತ್ತಾ?”

“ಕೆಟ್ಟುಹೋಗುತ್ತೆ. ಪಾಪ, ಪ್ರೀತಿಯಿಂದಾನೇ ಇಟ್ಟಿರ್ತಾರೆ ಕೆಲವರು.”

ಫುಮಿನೊ ಹೂವು ತೆಗೆದುಕೊಂಡಳು. ಕೆನ್ನೆಯ ಪಕ್ಕ ಇಟ್ಟಳು. ಇನ್ನೊಂದು ಬೊಗಸೆ ತೆಗೆದುಕೊಂಡು ಕಿವಿಯ ಪಕ್ಕ ಇಟ್ಟಳು. ಮೂರನೆಯ ಬೊಗಸೆಯ ಕೆಳಗೆ ಕರವಸ್ತ್ರವಿಲ್ಲದ ಲೆನ್ಸು ಇತ್ತು. ಅದನ್ನು ಅವನ ಗದ್ದದ ಅಡಿಗೆ, ಗಂಟಲಿನ ಗುಳಿಗೆ ಸರಿಯಾಗಿ ಕೂರಿಸಿ, ಮೇಲೆ ಲಿಲ್ಲಿ ಮುಚ್ಚಿದಳು. ಅವಳ ಕೈ ನಡುಗಲಿಲ್ಲ. ನಡುಗದೆ ಹಿಡಿಯುವುದನ್ನು ಅವಳಷ್ಟು ಕಲಿತವರು ಯಾರು? ನಿನ್ನನ್ನೂ ಅದು ಕೆಡಿಸಲಿ ಎಂದು ಅಂದುಕೊಂಡಳು. ಚಿಜುರು ಅದನ್ನು ನೋಡಲಿ ಎಂದೂ ಅಂದುಕೊಂಡಳು. ಮಗಳಿಗೆ ಇಷ್ಟು ವರ್ಷ ಹೇಳಲಾಗದ್ದು ಸುಟ್ಟ ಮೇಲೆ ಮೂಳೆಯ ತಟ್ಟೆಯಲ್ಲಿ ಕಾಣುತ್ತದೆ, ಕಂಡರೆ ಅವಳಿಗೆ ತಿಳಿಯುತ್ತದೆ ಎಂದು ನಂಬಿದ್ದಳು.

ಮುಚ್ಚಳ ಬಿತ್ತು.

ಸುಡುಮನೆಯ ಮೇಲಿನ ಮಹಡಿಯಲ್ಲಿ ಕಾಯುವ ಕೋಣೆ. ಡಬ್ಬಿ ಊಟ, ಬಿಯರು, ಚಹಾ. ನಿಶಿವಾಕಿ ಸೀಗಡಿಯ ಬಾಲ ಕಿತ್ತಿಟ್ಟು ಚೆನ್ನಾಗಿ ಊಟ ಮಾಡಿದ. ಲೆನ್ಸಿಗೆ ತನ್ನ ಮನೆಯಲ್ಲಿ ಯಾವ ಕಿಟಕಿ ಸರಿ ಎಂದು ಕಮೆಗಾಯಿಗೆ ವಿವರಿಸುತ್ತಿದ್ದ. “ಸೊಸೆ ಅಲ್ಲಿ ಹೂಕುಂಡ ಇಟ್ಟಿದಾಳೆ. ತೆಗೆಸ್ಬೇಕು.”

ಚಿಜುರು ತಾಯಿಯ ಪಕ್ಕ ಬಂದು ಕೂತಳು. ಚೀಲದ ಕಡೆ ಕಣ್ಣು ಹಾಕಿದಳು.

“ಕೊಡ್ತೀಯ ತಾನೇ?”

“ಅದು ಇನ್ನು ಕಿಟಕಿಗೆ ಬರಲ್ಲ,” ಎಂದಳು ಫುಮಿನೊ.

“ನಿಜ?”

“ನಿಜ.”

ಚಿಜುರು ತಾಯಿಯ ಡಬ್ಬಿಯಿಂದ ಉಪ್ಪಿನಕಾಯಿಯ ಮೂಲಂಗಿ ಚೂರೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಚಿಕ್ಕಂದಿನಲ್ಲಿ ಹಾಗೆ ಮಾಡುತ್ತಿದ್ದಳು.

“ಮಳೆ ನಿಲ್ಲೋವರೆಗೂ ಮಾತ್ಸುಮೊತೊಗೆ ಬಾ,” ಎಂದಳು, ಡಬ್ಬಿಯನ್ನೇ ನೋಡುತ್ತ. “ದೊಡ್ಡಮ್ಮ ಇದ್ದ ಕೋಣೆ ಖಾಲಿ ಇದೆ. ಮಧ್ಯಾಹ್ನದವರೆಗೂ ಬಿಸಿಲು ಬರುತ್ತೆ. ಆ ಉತ್ತರದ ಕೋಣೇಲಿ ಮಲಗಿ ಮಲಗಿ ನಿನ್ನ ಎದೆನೂ ಸಿಳ್ಳೆ ಹಾಕುತ್ತೆ, ರಾತ್ರಿ ಕೇಳಿಸ್ಕೊಂಡೆ.”

ಫುಮಿನೊಗೆ ಲೆನ್ಸು ಎಲ್ಲಿದೆ ಎಂದು ಈಗಲೇ ಹೇಳಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಮೂಳೆ ಆರಿಸಲು ಬರುವಂತೆ ಹೆಸರು ಕೂಗಿದರು.

*

ಒಲೆಯಿಂದ ಹೊರಗೆಳೆದ ತಟ್ಟೆಯಿಂದ ಇನ್ನೂ ಝಳ ಹೊಡೆಯುತ್ತಿತ್ತು. ತೊಮೊಜಿಯ ಮೂಳೆಗಳು ಮಲಗಿದ್ದ ಆಕಾರದಲ್ಲೇ ಬೆಳ್ಳಗೆ ಹರಡಿದ್ದವು. ಬಿಳಿ ಕೈಗವಸಿನ ಸಿಬ್ಬಂದಿ ಎಲ್ಲರಿಗೂ ಉದ್ದನೆಯ ಕಡ್ಡಿಗಳನ್ನು ಕೊಟ್ಟ, ಒಂದು ಬಿದಿರು, ಒಂದು ಬೇರೆ ಮರ. ಇಬ್ಬರು ಸೇರಿ ಒಂದು ಮೂಳೆಯನ್ನು ಎತ್ತಿ ಪಿಂಗಾಣಿ ಭರಣಿಗೆ ಹಾಕಬೇಕು. ಪಾದದಿಂದ ಶುರು, ತಲೆಯ ಕಡೆಗೆ. ನೇರ ನಿಂತ ಹಾಗೆ ಭರಣಿಯೊಳಗೆ ಕೂರಬೇಕಲ್ಲ.

ಫುಮಿನೊ, ಚಿಜುರು ಜೊತೆಯಾಗಿ ಕಾಲಿನ ಚೂರು ಎತ್ತಿದರು. ನಿಶಿವಾಕಿ, ಕಮೆಗಾಯಿ ತೊಡೆಯದು. ನಿಶಿವಾಕಿಯ ಕಡ್ಡಿ ಒಮ್ಮೆಯೂ ಜಾರಲಿಲ್ಲ. ಕೊನೆಗೆ ಉಳಿಯುವುದು ಗಂಟಲ ಬುದ್ಧ: ಕುತ್ತಿಗೆಯ ಮೂಳೆ, ಕೈ ಮುಗಿದು ಕೂತ ಬುದ್ಧನ ಹಾಗೆ ಕಾಣುತ್ತದೆ. ಅದನ್ನು ಹತ್ತಿರದವರು ಎತ್ತಬೇಕು. ಸಿಬ್ಬಂದಿ ಅದಕ್ಕೆಂದು ಬಾಗಿದವನು ಅಲ್ಲೇ ನಿಂತ.

“ಒಳಗೆ ಏನೋ ಗಾಜು ಹೋಗಿತ್ತು ಅನ್ಸುತ್ತೆ,” ಎಂದ ಮೆಲ್ಲಗೆ. “ಕ್ಷಮಿಸಿ. ನಾವು ಗಮನಿಸ್ಬೇಕಿತ್ತು.”

ಬುದ್ಧನ ಹೆಗಲು, ತಲೆ ಕಾಣುತ್ತಿರಲಿಲ್ಲ. ಅವುಗಳ ಮೇಲೆ ಕರಗಿದ ಗಾಜು ಬೂದಿ ಮೆತ್ತಿಕೊಂಡು ಮೇಣದ ಹಾಗೆ ಹರಿದು ಗಟ್ಟಿಯಾಗಿತ್ತು. ಪಕ್ಕದಲ್ಲಿ ಲೋಹ ಕಪ್ಪಗೆ ಚಪ್ಪಟೆಯಾಗಿ ಬಿದ್ದಿತ್ತು, ಅದರ ಅಂಚಿನಲ್ಲಿ ಕೊರೆದ ಒಂದು ಅಂಕಿ ಅರ್ಧ ಉಳಿದಿತ್ತು.

ಮೊದಲು ಗುರುತಿಸಿದವನು ನಿಶಿವಾಕಿ. ಅವನ ಮುಖದ ರಕ್ತ ಇಳಿಯಿತು.

“ಇಲ್ಲ,” ಎಂದ. “ಇಲ್ಲ, ಇಲ್ಲ. ಏನ್ ಮಾಡಿದ್ರಿ ಅಮ್ಮಾವ್ರೇ?”

ಕಮೆಗಾಯಿಗೆ ಆಮೇಲೆ ಹೊಳೆಯಿತು. ಅವನು ಕಡ್ಡಿ ಹಿಡಿದ ಕೈಯಿಂದಲೇ ಕಣ್ಣು ಮುಚ್ಚಿಕೊಂಡು ಗೊಳೋ ಎಂದ. “ಎಂಥ ಹೆಂಡತಿ! ಗಂಡನಿಗೆ ಪ್ರಾಣವಾಗಿದ್ದನ್ನ ಅವನ ಕೊರಳಿಗೇ ಕಟ್ಟಿ ಕಳಿಸಿದಳಲ್ಲಪ್ಪ!” ಸಿಬ್ಬಂದಿಯೂ ಫುಮಿನೊ ಕಡೆಗೆ ತಿರುಗಿ ಆಳವಾಗಿ ಬಾಗಿದ.

ಫುಮಿನೊ ಮಗಳ ಮುಖ ನೋಡಿದಳು.

ಚಿಜುರು ತಟ್ಟೆಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಅವಳ ಅಪ್ಪ ನೋಡುತ್ತಿದ್ದ ಹಾಗೆಯೇ.

“ನೀನು ಅವರಿಗೇ ಕೊಟ್ಟೆ,” ಎಂದಳು.

“ಹಾಗಲ್ಲ ಚಿಜುರು. ಹಾಳಾಗಲಿ ಅಂತ—”

“ಏನು ಹಾಳಾಯ್ತು? ಅವರ ಕತ್ತು ತಬ್ಕೊಂಡು ಕೂತಿದೆ.” ದನಿ ಏರಲಿಲ್ಲ. “ಅವರಿಗೆ ಬೇಕಾಗಿದ್ದೂ ಅದೇ. ಇನ್ನು ಅದನ್ನ ಯಾರೂ ಎಲ್ಲಿಗೂ ಕಳಿಸೋ ಹಾಗಿಲ್ಲ.”

“ನಿನಗೆ ಕಾಣಲಿ ಅಂತ ಇಟ್ಟೆ ಕಣೇ.”

“ಕಾಣ್ತು ಅಮ್ಮ.”

ಚಿಜುರು ತನ್ನ ಕಡ್ಡಿಗಳನ್ನು ಜೋಡಿಸಿ ತಟ್ಟೆಯ ಅಂಚಿನಲ್ಲಿಟ್ಟಳು. ಯಾರಿಗೆಂದಿಲ್ಲದೆ ಒಮ್ಮೆ ಬಾಗಿ ಹೊರಗೆ ಹೋದಳು. ಮೊಗಸಾಲೆಯಲ್ಲಿ ಅವಳ ಕೆಮ್ಮು ದೂರವಾಗುತ್ತ ಹೋಯಿತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು.

ಸಿಬ್ಬಂದಿ ಗಂಟಲು ಸರಿಮಾಡಿಕೊಂಡ. “ಇದೊಂದು ಬಾಕಿ ಇದೆ. ಇಬ್ಬರು ಬೇಕು.”

ನಿಶಿವಾಕಿ ಮುಂದೆ ಬಂದ. ಫುಮಿನೊ ತಟ್ಟೆಯ ಆ ಬದಿ, ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಳು. ಅವನು ಈ ಬದಿ ನಿಂತು ಅವಳ ಕಡ್ಡಿಯ ಎದುರು ತನ್ನ ಕಡ್ಡಿ ತಂದ. ಇಬ್ಬರೂ ಎತ್ತಿದರು. ನಡುದಾರಿಯಲ್ಲಿ ಟಕ್ಕೆಂದು ಸದ್ದಾಯಿತು. ಬುದ್ಧನ ಕುತ್ತಿಗೆ ಮುರಿಯಿತು. ಕೆಳಗಿನ ಭಾಗ ಅವಳ ಕಡ್ಡಿಯಲ್ಲಿ ಉಳಿಯಿತು, ತಲೆ ಗಾಜಿನ ಜೊತೆ ಅವನ ಕಡ್ಡಿಗೆ ಹೋಯಿತು.

ಅವಳು ತನ್ನದನ್ನು ಭರಣಿಗೆ ಹಾಕಿದಳು. ನಿಶಿವಾಕಿ ಹಾಕಲಿಲ್ಲ. ಬಾಯಿಂದ ಉಫ್ ಎಂದು ಬೂದಿ ಊದಿ, ಆ ಗಾಜನ್ನು ಕಿಟಕಿಯ ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿದ.

“ಹಳದಿ ಹೋಗಿದೆ,” ಎಂದ. ಅವನ ದನಿ ಬದಲಾಗಿತ್ತು. “ಕಮೆಗಾಯಿ, ಬಾರೋ ಇಲ್ಲಿ. ಒಂಚೂರೂ ಇಲ್ಲ ಕಣೋ. ನೀರಿದ್ದ ಹಾಗಿದೆ.”

ಗಾಜು ತನ್ನ ಕಡೆ ತಿರುಗಿದ್ದು ಫುಮಿನೊಗೆ ಕಂಡಿತು. ಯಾರೂ ಹೇಳಲಿಲ್ಲ. ಅವಳ ಖಾಲಿ ಕೈ ತಾನಾಗಿ ಮೇಲೆದ್ದು ಕೆನ್ನೆಯ ಪಕ್ಕ, ಹಾಳೆಯ ಮೂಲೆ ಹಿಡಿದ ಹಾಗೆ, ನಿಂತಿತು. ಅವಳು ಉಸಿರು ಹಿಡಿದಳು.